ಹಳೇ ಆಟದ ಪೆಟ್ಟಿಗೆನ ಗುಜರಿಗೆ ಹಾಕ್ಬ್ಯಾಡ್ರವ್ವ

ಹೋದ ಭಾನುವಾರ ಕೆ.ಆರ್. ನಗರದಿಂದ ನಮ್ ಚಿಕ್ಕವ್ವನ ಮಗಳು ಹುಣಸೂರಿಗೆ ಬಂದಿದ್ಲು. ಕಿವೀಲಿ ಓಲೆ ಇಲ್ಲ. "ಎಲ್ಲವ್ವ ಓಲೆ?" ಅಂದೆ. "ಅಡ ಮಡಗಿದೀನಿ ಕಣಕ್ಕ. ಹೈದ ಹೊಸ ಆಟದ ಪೆಟ್ಟಿಗೆ ಬೇಕೂಂತ ಮೂರು ದಿನದಿಂದ ಸರ್ಯಾಗಿ ಉಣ್ಣಿಲ್ಲ" ಅಂದ್ಲು. ಹಳೇದಕ್ಕೇನಾಯ್ತು ಅಂದ್ರೆ, ಡಿಸ್ಕ್ ಓದಾಕಿಲ್ವಂತೆ. ರಿಪೇರಿ ಅಂಗಡಿಯೋನು "ಇದು ಸತ್ತೋಗದೆ, ಗುಜರಿಗೆ ಹಾಕಿ" ಅಂದನಂತೆ. ಅದ್ಕೇ ಇವತ್ತು ಉಪ್ಪಿನಕಾಯಿ ವಿಷ್ಯ ಬುಟ್ಟು ಇದನ್ನ ಬರೀತಿದೀನಿ.

ಸತ್ತಿರೋದು ಪೆಟ್ಟಿಗೆ ಅಲ್ಲ ಕಣ್ರವ್ವ, ಅದ್ರ ಕಣ್ಣು ಮಂಜಾಗದೆ ಅಷ್ಟೆ. ಪ್ಲೇಸ್ಟೇಷನ್ 2 ಅನ್ನೋ ಈ ಪೆಟ್ಟಿಗೆ 2000ನೇ ಇಸ್ವೀಲಿ ಜಪಾನಲ್ಲಿ ಬಂದಿದ್ದು. ಲೋಕದಲ್ಲೆಲ್ಲ ಸೇರಿ 15 ಕೋಟಿಗಿಂತ ಹೆಚ್ಚು ಮಾರಾಟ ಆಗದೆ. ಡಿಸ್ಕ್ ಓದೋ ಲೆನ್ಸು ವರ್ಷ ಕಳೆದಂಗೆ ಸೋಲ್ತದೆ, ಮಿಕ್ಕಿದ್ದೆಲ್ಲ ಗಟ್ಟಿಯಾಗೇ ಇರ್ತದೆ. ಅಜ್ಜಿ ಕಣ್ಣಿಗೆ ಪೊರೆ ಬಂತು ಅಂತ ಅಜ್ಜೀನ ಆಚೆಗೆ ಹಾಕ್ತೀವಾ?

ನಮ್ಮನೆ ಪೆಟ್ಟಿಗೇನೂ ಇಂಗೇ ಕೂತಿತ್ತು. ನನ್ ಮಗ ಹೈಸ್ಕೂಲಲ್ಲಿದ್ದಾಗ ಹೊಗೆಸೊಪ್ಪಿನ ದುಡ್ಡಲ್ಲಿ ತಂದದ್ದು, ದಪ್ಪ ಮಾಡಲ್ಲು. ಇದ್ರ ಹಿಂದೆ ಒಂದು ಖಾಲಿ ಗೂಡು ಅದೆ. ಅಲ್ಲಿಗೆ ನೆಟ್‌ವರ್ಕ್ ಅಡಾಪ್ಟರ್ ಅನ್ನೋದನ್ನ ಸಿಕ್ಕಿಸಿ, ಹಳೇ ಕಂಪ್ಯೂಟರಿನ ಐಡಿಇ ಹಾರ್ಡ್ ಡಿಸ್ಕ್ ಕೂರಿಸ್ಬೋದು. ಇದೇನು ಕಳ್ಳದಾರಿ ಅಲ್ಲ, ಸೋನಿಯವರೇ 2004ರಲ್ಲಿ ಅಮೆರಿಕದಲ್ಲಿ ಇದಕ್ಕಂತ 40 ಜಿಬಿ ಹಾರ್ಡ್ ಡಿಸ್ಕ್ ಮಾರವ್ರೆ. ಆಮೇಲೆ ಫ್ರೀ ಮ್ಯಾಕ್‌ಬೂಟ್ ಬರೆಸಿದ ಮೆಮೊರಿ ಕಾರ್ಡ್ ಒಂದು ಬೇಕು. ಅದ್ರಿಂದ ಓಪನ್ ಪಿಎಸ್2 ಲೋಡರ್ ಅನ್ನೋ ಪ್ರೋಗ್ರಾಂ ತೆರೀತದೆ, ಆಟದ ಪಟ್ಟಿ ಟೀವೀಲಿ ಬತ್ತದೆ. ನಮ್ಮ ಡಿಸ್ಕನ್ನ ಕಂಪ್ಯೂಟರಲ್ಲಿ ನಕಲು ಮಾಡಿ ಹಾರ್ಡ್ ಡಿಸ್ಕಿಗೆ ತುಂಬ್ಬೇಕು. ಮಾಮೂಲಿ ಡಿವಿಡಿ ಒಂದು 4.7 ಜಿಬಿ ಒಳಗೇ ಇರ್ತದೆ. 80 ಜಿಬಿ ಡಿಸ್ಕಲ್ಲಿ ಹದಿನೈದು ಆಟ ಆರಾಮಾಗಿ ಕೂರ್ತವೆ. ಸವೆದ ಲೆನ್ಸಿನ ಹಂಗೇ ಇಲ್ಲ.

ತೆಳು ಮಾಡಲ್ಲಿಗೆ ಆ ಗೂಡಿಲ್ಲ. ಅದಕ್ಕೆ ಯುಎಸ್‌ಬಿ ಹಾಕ್ಬೋದು, ಆದ್ರೆ ಅದ್ರ ಯುಎಸ್‌ಬಿ ಹಳೇ ಕಾಲದ್ದು, ನಿಧಾನ. ಆಟದ ನಡುವೆ ಬರೋ ಸಿನಿಮಾ ತುಣುಕು ತಡವರಿಸ್ತವೆ. ಇದ್ದದ್ದನ್ನ ಇದ್ದಂಗೇ ಯೋಳ್ತೀನಿ.

"ಇದು ಕಳ್ತನ ಅಲ್ವ?" ಅಂತ ನಮ್ ಓರಗಿತ್ತಿ ಕೇಳಿದ್ಲು. ಪಾಣಿನ ಜೆರಾಕ್ಸ್ ಮಾಡ್ಸಿ ಅಸಲನ್ನ ಟ್ರಂಕಲ್ಲಿ ಮಡಗ್ತೀವಲ್ಲ, ಅದು ಕಳ್ತನಾನಾ? ನಮ್ಮ 1957ರ ಕಾಪಿರೈಟ್ ಕಾಯ್ದೆ 52ನೇ ಕಲಮಿನಲ್ಲೂ, ನ್ಯಾಯವಾಗಿ ಇಟ್ಕೊಂಡಿರೋ ಪ್ರೋಗ್ರಾಮು ಹಾಳಾಗದಂಗೆ ಕಾಪಾಡೋಕೆ ನಕಲು ಮಾಡ್ಕೋಬೋದು ಅಂತ ಅದೆ. ಆದ್ರೆ ಕಾಸು ಕೊಡ್ದೆ ಇರೋ ಆಟಾನ ಎಲ್ಲಿಂದಲೋ ಇಳಿಸ್ಕೊಂಡು ತುಂಬೋದು ಬೇರೆ ಮಾತು. ಅದನ್ನ ನಾನು ಒಪ್ಪಾಕಿಲ್ಲ, ನಮ್ಮನೇಲಿ ಮಾಡಾಕೂ ಬುಡಾಕಿಲ್ಲ.

"ಹೊಸದು ತಂದ್ರೆ ಎಲ್ಲಾ ಸರಿಹೋಯ್ತದೆ" ಅಂತಾರೆ. ಎಲ್ಲಿ ಸರಿಹೋಯ್ತದೆ? ಅರ್ಧ ಲಕ್ಷದ ಆಸುಪಾಸು ಸುರಿದು ಪ್ಲೇಸ್ಟೇಷನ್ 5 ತಂದ್ರೂ ಈ ಹಳೇ ಡಿಸ್ಕು ಅದ್ರಲ್ಲಿ ಓಡಾಕಿಲ್ಲ. 2009ರಲ್ಲಿ ನಮ್ ದೇಶದೋರೇ ದೇಸಿ ಅಡ್ಡಾ ಅಂತ ಈ ಪೆಟ್ಟಿಗೆಗೆ ಆಟ ಮಾಡಿದ್ರು. ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಎಲ್ಲಾ ಅದ್ರಲ್ಲಿ ಅವೆ. ಹಳೇದನ್ನ ಎಸೆದ್ಮೇಲೆ ಅದನ್ನ ಯಾತರಲ್ಲಿ ಆಡ್ತೀರಿ? ಹೈದಂಗೆ ಹೊಸ ಆಟಾನೇ ಬೇಕು ಅಂದ್ರೆ ಕೊಡ್ಸಿ, ಬ್ಯಾಡ ಅನ್ನಾಕಿಲ್ಲ. ಕೈಲಿ ದುಡ್ಡು ಆಡ್ದಾಗ ಕೊಡ್ಸಿ. ಅವ್ವನ ಕಿವಿ ಬರಿದು ಮಾಡಿ ಅಲ್ಲ.

ನನ್ ತಪ್ಪೂ ಒಂದದೆ, ಮುಚ್ಚಿಡಾಕಿಲ್ಲ. ಈ ಪೆಟ್ಟಿಗೆಗೆ ಅಂತ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದ್ರೆ ಅದ್ರಲ್ಲಿದ್ದದ್ದೆಲ್ಲ ಅಳಿಸೋಯ್ತದೆ. ನಾನು ಒಳಗೇನದೆ ಅಂತ ನೋಡ್ದೆ ಕೊಟ್ಬುಟ್ಟೆ. ನಾದಿನಿ ಮಗಳ ನಾಮಕರಣದ ಫೋಟೋ ಒಂದೂ ಉಳೀನಿಲ್ಲ. ಎರಡು ತಿಂಗ್ಳು ನನ್ ಜೊತೆ ಮಾತಾಡ್ನಿಲ್ಲ ಅವ್ಳು. ನೀವು ಮೊದ್ಲು ಫೋಟೋ ಎತ್ತಿಟ್ಕೊಳಿ. ಪ್ಲಗ್ ಕಿತ್ತ ಮೇಲೇ ಡಿಸ್ಕ್ ಸಿಕ್ಕಿಸಿ, ಒಳಗಿನ ಕರೆಂಟ್ ಭಾಗಕ್ಕೆ ಕೈ ಹಾಕ್ಬ್ಯಾಡಿ. ನಕಲು ಆಯ್ತು ಅಂತ ಅಸಲು ಡಿಸ್ಕ್ ಎಸೀಬ್ಯಾಡಿ, ಹಾರ್ಡ್ ಡಿಸ್ಕೂ ಒಂದಿನ ಕೈ ಕೊಡ್ತದೆ.

"ಪಿಯುಸಿ ಓದಿದೋಳಿಗೆ ಇದೆಲ್ಲ ಯಾಕೆ" ಅನ್ನೋರಿಗೆ ಒಂದೇ ಮಾತು. ಬಿತ್ತನೆ ರಾಗಿ ಹುಳ ಬೀಳದಂಗೆ ಬೂದಿ ಬೆರೆಸಿ ಮಡಗಿದೋರು ಯಾರು? ಇರೋದನ್ನ ಉಳಿಸೋ ಕೆಲ್ಸ ಯಾವತ್ತೂ ನಮ್ದೇ ಅಲ್ವ?

ತಂಗಿ, ಅಡದ ದುಡ್ಡು ಇನ್ನೂ ನಿನ್ ಕೈಲೇ ಅದೆ ಅಂದಿದ್ದೆ. ಅಂಗಡಿಗೆ ಹೋಗ್ಬ್ಯಾಡ. ಶನಿವಾರ ಪೆಟ್ಟಿಗೆ, ಡಿಸ್ಕು, ಹೈದ ಮೂರನ್ನೂ ಕರ್ಕೊಂಡು ನಮ್ಮನೆಗೆ ಬಾ. ದಪ್ಪ ಮಾಡಲ್ಲೋ ತೆಳುವೋ ನೋಡುಮ. ಆಗ್ನಿಲ್ಲ ಅಂದ್ರೆ ಒಂದು ವಾರ ಹೋಯ್ತದೆ ಅಷ್ಟೆ. ಆದ್ರೆ ಸೋಮವಾರ ನಾನೇ ನಿನ್ ಜೊತೆ ಬಂದು ಓಲೆ ಬುಡಿಸ್ಕೊಡ್ತೀನಿ.