ಬೀಗದಕೈ ಯಾರ ವಶದಲ್ಲಿರತಕ್ಕದ್ದು?

2025ನೆಯ ಇಸವಿಯ ಆಗಸ್ಟ್ ಮಾಸದಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ತಮ್ಮ ಅಥೆಂಟಿಕೇಟರ್ ಎಂಬ ಮೊಬೈಲ್ ಆ್ಯಪಿನಲ್ಲಿ ಜನರು ಕೂಡಿಟ್ಟಿದ್ದ ಪಾಸ್‌ವರ್ಡುಗಳು ಅಲ್ಲಿ ದೊರೆಯದಂತೆ ಮಾಡಿದರು. ಬೇಕಾದವರು ತಮ್ಮದೇ ಆದ ಎಡ್ಜ್ ಬ್ರೌಸರಿಗೆ ಬರಬಹುದೆಂದೂ, ಒಲ್ಲದವರು ಬೇರೆಡೆಗೆ ಸಾಗಿಸಿಕೊಳ್ಳಬಹುದೆಂದೂ ಮುಂಚಿತವಾಗಿ ಸಾರಿದ್ದರೆಂಬುದು ನಿಜ. ಆದರೆ ಮನೆ ನಮ್ಮದು, ಬೀಗ ನಮ್ಮದು. ಬೀಗದಕೈ ಯಾವ ಗೂಟದಲ್ಲಿ ತೂಗಬೇಕೆಂಬುದನ್ನು ಮಾತ್ರ ಸಾಗರದಾಚೆಯ ವರ್ತಕರು ನಿಶ್ಚಯಿಸುವರೆಂಬ ಸಂಗತಿಯನ್ನು ನಮ್ಮ ವಾಚಕರು ಲಘುವಾಗಿ ಎಣಿಸಕೂಡದು.

ಇಂದಿನ ಅಧಿಕಾರಿಯೊಬ್ಬರ ದಿನಚರಿಯನ್ನೇ ನೋಡಿರಿ. ಕಚೇರಿಯಲ್ಲಿ ವಿಂಡೋಸ್ ಕಂಪ್ಯೂಟರು, ಜೇಬಿನಲ್ಲಿ ಆಂಡ್ರಾಯ್ಡ್ ಫೋನು, ಮನೆಯಲ್ಲಿ ಮಕ್ಕಳ ಐಪ್ಯಾಡು. ಬ್ಯಾಂಕು, ಆದಾಯ ತೆರಿಗೆ, ರೈಲು ಟಿಕೇಟು, ಒಂದೊಂದಕ್ಕೂ ಒಂದೊಂದು ಗುಪ್ತಪದ. ಕ್ರೋಮಿನಲ್ಲಿ ಉಳಿಸಿದ್ದು ಫೈರ್‌ಫಾಕ್ಸಿಗೆ ತಾನಾಗಿ ಬಾರದು. ಆಪಲ್ ಕಂಪನಿಯವರು 2024ರಲ್ಲಿ ಹೊರತಂದ ಪಾಸ್‌ವರ್ಡ್ಸ್ ಆ್ಯಪು ಆಂಡ್ರಾಯ್ಡಿನಲ್ಲಿ ದೊರೆಯದು. ಬೇಸತ್ತ ಗೃಹಸ್ಥನು ಎಲ್ಲಕ್ಕೂ ಒಂದೇ ಪದವನ್ನಿಟ್ಟು ನಿಶ್ಚಿಂತನಾಗುವನು. ಅದು ಒಂದೆಡೆ ಕಳವಾದರೆ ಎಲ್ಲೆಡೆಯೂ ಬಾಗಿಲು ತೆರೆದಂತೆಯೇ.

ಇದಕ್ಕೆ ಪರಿಹಾರವು ಎಲ್ಲ ಯಂತ್ರಗಳಲ್ಲಿಯೂ ನಡೆಯುವ ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರು. ಒಳ್ಳೆಯ ಮ್ಯಾನೇಜರಿನಲ್ಲಿ ಗುಪ್ತಪದಗಳು ನಮ್ಮ ಯಂತ್ರದಲ್ಲಿಯೇ ಗೂಢಲಿಪಿಯಾಗಿ ಮಾರ್ಪಟ್ಟ ಬಳಿಕವಷ್ಟೇ ಕಂಪನಿಯ ಸರ್ವರಿಗೆ ಹೋಗುವುವು. ಅದನ್ನು ಬಿಡಿಸುವ ಮುಖ್ಯಪದವು ನಮ್ಮಲ್ಲಿ ಮಾತ್ರ ಇರುವುದು. ಅದನ್ನು ಮರೆತರೆ ಕಂಪನಿಯವರೂ ಸಾಮಾನ್ಯವಾಗಿ ಏನೂ ಮಾಡಲಾರರು; ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಪೆಟ್ಟಿಗೆಯಲ್ಲಿ ಇಡುವುದರಲ್ಲಿ ನಾಚಿಕೆಯೇನೂ ಇಲ್ಲ. ಕಚೇರಿಯ ಮೇಜಿನ ಗಾಜಿನಡಿಯಲ್ಲಿ ಇಡುವ ಪದ್ಧತಿಯ ಮಾತು ಬೇರೆ!

ಹಾಗೆಂದು ಮ್ಯಾನೇಜರೆಂಬ ಹೆಸರಿಗೆ ಮರುಳಾಗತಕ್ಕದ್ದಲ್ಲ. ಲಾಸ್ಟ್‌ಪಾಸ್ ಕಂಪನಿಯವರು 2021ರ ಮಾರ್ಚಿಯಲ್ಲಿ, ಹಣ ಕೊಡದವರು ಕಂಪ್ಯೂಟರು ಇಲ್ಲವೆ ಮೊಬೈಲು, ಎರಡರಲ್ಲಿ ಒಂದು ಬಗೆಯನ್ನು ಮಾತ್ರ ಆರಿಸಿಕೊಳ್ಳತಕ್ಕದ್ದೆಂದು ವಿಧಿಸಿದರು. ಮರುವರ್ಷ ಅವರ ಗ್ರಾಹಕರ ಭಂಡಾರಗಳ ಪ್ರತಿಗಳೇ ಕಳ್ಳರ ಪಾಲಾದುವು. ಗುಪ್ತಪದಗಳು ಗೂಢಲಿಪಿಯಲ್ಲಿದ್ದುವು; ಯಾರು ಯಾವ ಜಾಲತಾಣದಲ್ಲಿ ವ್ಯವಹರಿಸುವರೆಂಬ ವಿಳಾಸಗಳು ಮಾತ್ರ ಬಯಲಾಗಿಯೇ ಇದ್ದುವು.

ವಿದೇಶೀ ವಸ್ತುವೆಂಬ ಕಾರಣದಿಂದಲೇ ಬಹಿಷ್ಕರಿಸಿರೆಂದು ನಾವು ಹೇಳುತ್ತಿಲ್ಲ. ಹೊರಬರುವ ದಾರಿ ತೆರೆದಿದೆಯೆ ಎಂಬುದೇ ನಮ್ಮ ಪ್ರಶ್ನೆ. ಬಿಟ್‌ವಾರ್ಡನ್ ತನ್ನ ಮೂಲ ಸಂಕೇತವನ್ನು ಎಲ್ಲರ ಪರೀಕ್ಷೆಗೆ ತೆರೆದಿಟ್ಟಿದೆ. ಉಚಿತವಾಗಿಯೇ ಎಷ್ಟು ಯಂತ್ರಗಳಲ್ಲಿಯಾದರೂ ನಡೆಯುತ್ತದೆ. 2003ರಿಂದ ಬಳಕೆಯಲ್ಲಿರುವ ಕೀಪಾಸಿನಲ್ಲಿ ಭಂಡಾರವೆಲ್ಲವೂ ನಮ್ಮದೇ ಯಂತ್ರದ ಒಂದು ಕಡತ. ಅದನ್ನು ಒಯ್ಯುವ ಶ್ರಮವೂ ನಮ್ಮದೇ. ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಹುಟ್ಟುವ ಸಿಎಸ್‌ವಿ ಕಡತದಲ್ಲಿ ಸಕಲವೂ ಬರಿಗಣ್ಣಿಗೆ ಕಾಣುವುದರಿಂದ, ಕೆಲಸ ತೀರಿದ ಕೂಡಲೆ ಅದನ್ನು ಅಳಿಸತಕ್ಕದ್ದು.

ಇಷ್ಟಾಗಿಯೂ ಎಚ್ಚರಿಕೆಯುಳ್ಳ ಪ್ರಜೆಯ ಕೈಯನ್ನು ಕಟ್ಟುವ ಜಾಲತಾಣಗಳು ನಮ್ಮಲ್ಲಿ ಇಲ್ಲದಿಲ್ಲ. ಗುಪ್ತಪದವನ್ನು ಅಂಟಿಸಕೂಡದು, ಕೈಯಿಂದಲೇ ಒತ್ತಬೇಕು. ಇಷ್ಟು ದಿನಕ್ಕೊಮ್ಮೆ ಬದಲಿಸಲೇಬೇಕು! ಇಪ್ಪತ್ತು ಅಕ್ಷರಗಳ ಗೋಜಲು ಪದವನ್ನು ಕೈಯಿಂದ ಒತ್ತುವ ತಾಳ್ಮೆ ಯಾರಿಗಿದೆ? ಅಮೆರಿಕದ ಮಾನಕ ಸಂಸ್ಥೆಯು 2017ರಲ್ಲಿಯೇ ಅಂಟಿಸಲು ಅವಕಾಶವಿರಬೇಕೆಂದೂ, ನಿಷ್ಕಾರಣವಾಗಿ ಅವಧಿಗೊಮ್ಮೆ ಬದಲಿಸುವಂತೆ ಬಲವಂತ ಸಲ್ಲದೆಂದೂ ಸೂಚಿಸಿತು. ಈ ಎರಡು ನಿರ್ಬಂಧಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಲ್ಲಿ ಸರ್ಕಾರದ ಇಲಾಖೆಗಳೂ ಬ್ಯಾಂಕುಗಳೂ ವಿಳಂಬವಿಲ್ಲದೆ ಅವನ್ನು ತೆಗೆದುಹಾಕಬೇಕೆಂದು ನಾವು ಒತ್ತಾಯಪಡಿಸುತ್ತೇವೆ.