ಮುಂದಾಳಿನ ಒರೆಗಲ್ಲು

ರಾಷ್ಟ್ರನಾಯಕನಿಗೆ ಬೇಕಾದ ಗುಣಗಳಾವುವೆಂದು ಕೇಳಿದರೆ ವಿದ್ಯೆ, ವಾಕ್ಪಟುತ್ವ, ಧೈರ್ಯ, ದೂರದೃಷ್ಟಿ ಎಂದು ಎಣಿಸುವುದು ವಾಡಿಕೆ. ಇವೆಲ್ಲವೂ ಬೇಕಾದುವೇ ಸರಿ. ಆದರೆ ಇವೆಲ್ಲವೂ ಇದ್ದು, ತಾನು ಜನರಿಂದ ಬೇಡುವ ತ್ಯಾಗವನ್ನು ಮೊದಲು ತಾನೇ ಮಾಡಲಾರದವನು ಮುಂದಾಳೆನಿಸಲಾರನು. ಇದಕ್ಕೆ ಪ್ರಮಾಣವನ್ನು ಪರದೇಶಗಳ ಚರಿತ್ರೆಯಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಸೀಮೆಯಲ್ಲಿಯೇ ಅದು ದೊರೆಯುವುದು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹೆಸರನ್ನು ಕೇಳದವರಿಲ್ಲ. ಆದರೆ ಅಲ್ಲಿನ ಘಟನೆಗೆ ಪೂರ್ವಪೀಠಿಕೆಯಾದ ಶಿವಪುರವನ್ನು ನಾವು ಮರೆಯಬಾರದು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಆ ಗ್ರಾಮದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನೆರೆಯಿತು. ಧ್ವಜವನ್ನೇರಿಸಕೂಡದೆಂದು ಸರ್ಕಾರದ ಆಜ್ಞೆಯಾಗಿದ್ದಿತು. ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಆ ಕೆಲಸವನ್ನು ಇತರರಿಗೆ ಬಿಡದೆ ತಾವೇ ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನಿಷೇಧವನ್ನು ಮೀರಿ ನೆರೆದ ಸಾವಿರಾರು ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಸರ್ಕಾರದ ಲೆಕ್ಕಕ್ಕೆ ಹತ್ತು ಮಂದಿ. ಜನರ ಲೆಕ್ಕಕ್ಕೆ ಮೂವತ್ತಕ್ಕೂ ಮಿಗಿಲು. ಮುಂದಾಳುಗಳು ಮೊದಲು ಸೆರೆಮನೆಗೆ ಹೋಗಿರದಿದ್ದಲ್ಲಿ, ಆ ಹಳ್ಳಿಗರನ್ನು ಅಲ್ಲಿಗೆ ಕರೆಯುವ ಅಧಿಕಾರ ಯಾರಿಗಿದ್ದಿತು?

ರಕ್ತ ಹರಿದ ಮೇಲೆ ಸೇಡಿನ ಮಾತನ್ನಾಡಿದವರಿಗೆ ಕರತಾಡನಕ್ಕೇನೂ ಕೊರತೆಯಿಲ್ಲ. ಆದರೆ ಇಲ್ಲಿಗೆ ಬಂದ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆಗೆ ಕುಳಿತರು. ಮೇ ತಿಂಗಳಲ್ಲಿ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜವೂ ಹಾರಿತು. ಸತ್ತವರ ಹೆಸರಿನಲ್ಲಿ ಮತ್ತಷ್ಟು ಸಾವನ್ನು ಬೇಡದಿರುವುದೂ ನಾಯಕನ ತ್ಯಾಗವೇ.

ಅಧಿಕಾರಪೀಠದಲ್ಲಿರುವವರಿಗೆ ಈ ಪರೀಕ್ಷೆ ಬೇರೊಂದು ರೂಪದಲ್ಲಿ ಬರುವುದು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾದರು. ಅವರ ಕಾಲದಲ್ಲಿಯೇ 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲನ್ನು ಕಾದಿರಿಸುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯಭೇದ ಬಂದಾಗ, 1918ರಲ್ಲಿ ಅವರು ಪದವಿಯನ್ನು ತ್ಯಜಿಸಿದರು. ಆ ಪ್ರಶ್ನೆಯಲ್ಲಿ ನ್ಯಾಯವು ನಾಲ್ವಡಿ ಕೃಷ್ಣರಾಜ ಒಡೆಯರ ಪಕ್ಷದಲ್ಲಿಯೇ ಇದ್ದಿತೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ಆದರೂ ತಮಗೆ ಒಪ್ಪಿಗೆಯಿಲ್ಲದ ನೀತಿಯನ್ನು ಪದವಿಯ ಆಸೆಗಾಗಿ ಒಪ್ಪಿದಂತೆ ನಟಿಸದೆ ಹೊರನಡೆದ ಅವರ ಶೀಲವು ಗೌರವಾರ್ಹವಾದುದು. ಅಭಿಪ್ರಾಯದಲ್ಲಿ ತಪ್ಪಬಹುದು, ಶೀಲದಲ್ಲಿ ತಪ್ಪಿದವನಿಗೆ ಪರಿಹಾರವಿಲ್ಲ.

ಇಂದು ಅರಸರೂ ಇಲ್ಲ, ದಿವಾನರೂ ಇಲ್ಲ. ಮುಂದಾಳನ್ನು ಆರಿಸುವ ಭಾರವು ನಮ್ಮ ಹೆಗಲ ಮೇಲೆಯೇ ಇದೆ. ಮತವನ್ನು ಯಾಚಿಸಿ ಬಾಗಿಲಿಗೆ ಬಂದವರ ಜಾತಿಯನ್ನೂ ಜಯಘೋಷವನ್ನೂ ಬದಿಗಿಟ್ಟು ನಾವು ಎರಡು ಮಾತನ್ನು ಕೇಳಬೇಕು: ಜನರಿಗಾಗಿ ನೀವು ಈವರೆಗೆ ಕಳೆದುಕೊಂಡುದೇನು? ಯಾವ ಕಾರಣ ಬಂದಲ್ಲಿ ಪದವಿಯನ್ನು ಬಿಟ್ಟೇಳುವಿರಿ? ಇವನ್ನು ಕೇಳದೆ ಮತವನ್ನಿತ್ತು, ಆಮೇಲೆ ನಾಯಕರಿಲ್ಲವೆಂದು ಹಲುಬುವುದು ವಿದುರಾಶ್ವತ್ಥದಲ್ಲಿ ಮಡಿದವರಿಗೆ ನಾವು ಮಾಡುವ ಅಪಚಾರವಾಗುವುದು.