ತೊಣ್ಣೂರಿನ ಮಕ್ಕಳಿಗೆ ತೊಣ್ಣೂರಿನ ಸಾಹಸಕತೆ ಬೇಕು

ಭಾನುವಾರ ಬಂತೆಂದರೆ ತೊಣ್ಣೂರು ಕೆರೆ ಏರಿಯ ಮೇಲೆ ಮೈಸೂರು, ಬೆಂಗಳೂರಿನ ಕಾರುಗಳ ಸಾಲು. ನೀರಿಗೆ ಇಳಿಯಬೇಡಿ ಎಂದರೂ ಇಳಿಯುವವರು ಇಳಿಯುತ್ತಾರೆ. ಒಬ್ಬ ಬಂಡೆ ಮೇಲಿಂದ ಹಾರುತ್ತಾನೆ, ಇನ್ನೊಬ್ಬ ದಡದಲ್ಲಿ ನಿಂತು ರೀಲ್ಸ್ ಮಾಡುತ್ತಾನೆ. ಹೀಗೆ ನೀರಿಗಿಳಿದು ಮೇಲೆ ಬಾರದವರ ಸುದ್ದಿಯನ್ನೂ ಈ ಭಾಗದ ವರದಿಗಾರರಾದ ನಾವು ಕಳಿಸುತ್ತಲೇ ಬಂದಿದ್ದೇವೆ. ಎರಡು ಪ್ಯಾರಾ ಸುದ್ದಿ, ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಊರಿನ ಹುಡುಗರು ಇದನ್ನೆಲ್ಲ ನೋಡುತ್ತಲೇ ಬೆಳೆಯುತ್ತಿದ್ದಾರೆ. ಅವರ ಪಾಲಿಗೆ ಸಾಹಸ ಎಂದರೆ ಅರ್ಧ ನಿಮಿಷದ ವಿಡಿಯೊ ಎಂದಾಗಿದೆ.

ಹುಡುಗರಿಗೆ ಸಾಹಸದ ಹಸಿವು ಇರುವುದು ತಪ್ಪೇನಲ್ಲ. ಆ ಹಸಿವಿಗೆ ನಾವು ಏನು ಬಡಿಸುತ್ತಿದ್ದೇವೆ ಎಂಬುದು ಪ್ರಶ್ನೆ. ಮನೆಮಂದಿಯೆಲ್ಲ ಕೂತು ಓದುವಂಥ ಸಾಹಸಕತೆಗಳು ಹಳ್ಳಿಯ ಮನೆಗಳಿಗೆ ಮತ್ತೆ ಬರಬೇಕು, ಅವುಗಳಲ್ಲಿ ಕೆಲವಾದರೂ ನಮ್ಮ ನೆಲದಲ್ಲೇ ನಡೆಯಬೇಕು ಎಂಬುದು ನಮ್ಮ ವಾದ.

ಮನೆಮಂದಿ ಓದುವ ಪುಸ್ತಕ ಎಂದ ಕೂಡಲೇ ಕೊನೆಯಲ್ಲಿ ನೀತಿಪಾಠ ಇರುವ ಪುಸ್ತಕ ಎಂದು ಬಹಳ ಜನ ತಿಳಿದಿದ್ದಾರೆ. ಅಂಥದ್ದನ್ನು ಮಕ್ಕಳು ಎರಡನೇ ಪುಟಕ್ಕೇ ಮುಚ್ಚಿಡುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ನೋಡಿ. 1980ರಲ್ಲಿ ಬಂದ ಕಾದಂಬರಿ, ಇಂದಿಗೂ ಮರುಮುದ್ರಣ ಆಗುತ್ತಲೇ ಇದೆ. ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ತಂಡದ ಕತೆ ಅದು. ತಂಡದಲ್ಲಿ ವಿಜ್ಞಾನಿ ಕರ್ವಾಲೊ ಇದ್ದಾರೆ, ಅಡುಗೆಗೆ ಬಿರಿಯಾನಿ ಕರಿಯಪ್ಪ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನೇ ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು. ಹತ್ತು ವರ್ಷದ ಮಗು ಓತಿ ಸಿಗುತ್ತದೋ ಇಲ್ಲವೋ ಎಂದು ಓದುತ್ತದೆ. ಅಪ್ಪ ಮಂದಣ್ಣನ ಅವಾಂತರಕ್ಕೆ ನಗುತ್ತಾನೆ. ಹೊಲದಲ್ಲಿ ಆಯಸ್ಸು ಕಳೆದ ಅಜ್ಜ, ಓದದವನಿಗೂ ತಿಳಿವಳಿಕೆ ಇರುತ್ತದೆ ಎಂದು ಪುಸ್ತಕದವರು ಒಪ್ಪಿದರಲ್ಲ ಎಂದುಕೊಳ್ಳುತ್ತಾನೆ. ಒಂದೇ ಪುಸ್ತಕದಲ್ಲಿ ಮೂರು ತಲೆಮಾರಿಗೂ ಜಾಗ ಇದೆ. ಮೊದಲು ಈ ಕೆಲಸವನ್ನು ‘ಚಂದಮಾಮ’ದ ಧಾರಾವಾಹಿಗಳು ತಿಂಗಳು ತಿಂಗಳು ಮಾಡುತ್ತಿದ್ದವು. ಅದು ನಿಂತು ಹತ್ತು ವರ್ಷ ದಾಟಿತು.

ಸಾಹಸಕತೆ ಓದಿದರೆ ಮಕ್ಕಳು ಇನ್ನಷ್ಟು ಹುಚ್ಚಾಟಕ್ಕೆ ಇಳಿಯುತ್ತಾರೆ ಎಂದು ಹೆದರುವ ತಂದೆತಾಯಿಗಳಿದ್ದಾರೆ. ಅವರು ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಒಮ್ಮೆ ಓದಲಿ. ಜಿಮ್ ಕಾರ್ಬೆಟ್ ಬರೆದದ್ದನ್ನು ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. ಎಂಟು ವರ್ಷಗಳಲ್ಲಿ 125 ಜನರನ್ನು ಕೊಂದಿದ್ದ ಚಿರತೆಯನ್ನು ಕಾರ್ಬೆಟ್ ಹೊಡೆದದ್ದು 1926ರಲ್ಲಿ. ಪುಸ್ತಕದಲ್ಲಿ ಗುಂಡಿನ ಸದ್ದಿಗಿಂತ ಕಾಯುವುದೇ ಹೆಚ್ಚು. ಹೆಜ್ಜೆಗುರುತು ನೋಡುವುದು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದು, ಊರಿನವರ ಮಾತು ಕೇಳುವುದು, ರಾತ್ರಿಗಟ್ಟಲೆ ಸುಮ್ಮನೆ ಕೂರುವುದು. ಕೊನೆಗೆ ಬರಿಗೈಯಲ್ಲಿ ಹಿಂತಿರುಗುವುದೂ ಇದೆ. ಒಳ್ಳೆಯ ಸಾಹಸಕತೆ ಓದಿದ ಹುಡುಗನಿಗೆ ನೀರಿನ ಆಳ ತಿಳಿಯದೆ ಹಾರುವವನು ಪೆದ್ದನಾಗಿ ಕಾಣುತ್ತಾನೆ. ಕೆರೆ ದಡದ ಎಚ್ಚರಿಕೆ ಫಲಕಕ್ಕಿಂತ ಇದು ಹೆಚ್ಚು ಕೆಲಸ ಮಾಡೀತು ಎಂಬ ನಂಬಿಕೆ ನಮ್ಮದು.

ಇನ್ನು ನಮ್ಮ ನೆಲದ ಮಾತು. ಹೊರಗಿನವರಿಗೆ ಈ ಸೀಮೆ ಯಾವತ್ತೋ ಸಾಹಸಕತೆಯ ಗಣಿಯಾಗಿತ್ತು. ವಿಲ್ಕೀ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಶುರುವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆ, ಲೂಟಿಯಿಂದ. ಜೂಲ್ಸ್ ವರ್ನ್‌ನ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೊ ಯಾರೆಂದು ‘ನಿಗೂಢ ದ್ವೀಪ’ದ ಕೊನೆಯಲ್ಲಿ ತಿಳಿಯುತ್ತದೆ: ಬುಂದೇಲಖಂಡದ ರಾಜಕುಮಾರ, ಟಿಪ್ಪು ಸುಲ್ತಾನನ ಸೋದರಳಿಯ. ವರ್ನ್‌ನ ದೇಶದ ಸೈನಿಕರು ಹೈದರ್ ಮತ್ತು ಟಿಪ್ಪುವಿನ ಪರವಾಗಿ ಬೀಡುಬಿಟ್ಟಿದ್ದಕ್ಕೇ ನಮ್ಮ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.

ಇಂಗ್ಲೆಂಡಿನ ಜಿ.ಎ. ಹೆಂಟಿ 19ನೇ ಶತಮಾನದ ಕೊನೆಗೆ ‘ದಿ ಟೈಗರ್ ಆಫ್ ಮೈಸೂರ್’ ಎಂಬ ಕಾದಂಬರಿಯನ್ನು ಹುಡುಗರಿಗೆಂದೇ ಬರೆದ. ಮೈಸೂರು ಸೀಮೆಯಲ್ಲಿ ಸೆರೆಯಾಳಾಗಿರಬಹುದಾದ ತಂದೆಯನ್ನು ಹುಡುಕಲೆಂದೇ ತಾಯಿ ಮಗನನ್ನು ತಯಾರು ಮಾಡುತ್ತಾಳೆ, ಮಗ ಇಲ್ಲಿಗೆ ಬರುತ್ತಾನೆ. ಕತೆಯ ಕಟ್ಟು ಗಟ್ಟಿ. ಅಪ್ಪ, ಅಮ್ಮ, ಮಗ ಮೂವರಿಗೂ ಅದರಲ್ಲಿ ಪಾಲಿದೆ. ಅಲ್ಲಿನ ಮನೆಗಳಿಗೆ ಅದು ಒಳ್ಳೆಯ ಪುಸ್ತಕ. ಆದರೆ ಆ ಕತೆಯಲ್ಲಿ ನಮ್ಮ ಊರುಗಳು ಬರೀ ಹಾದುಹೋಗುವ ದಾರಿ, ನಮ್ಮ ದೊರೆ ಬರೀ ಕ್ರೂರಿ. ಒಂದು ಮನೆಗೆ ಹಿತವಾದ ಪುಸ್ತಕ ಇನ್ನೊಂದು ಮನೆಗೆ ಹಾಗೇ ಹಿತವಾಗಬೇಕೆಂದಿಲ್ಲ. ಅದಕ್ಕೇ ಅನುವಾದ ಮಾಡಿಕೊಂಡರಷ್ಟೇ ಸಾಲದು ಎನ್ನುತ್ತೇವೆ.

ನಮ್ಮಲ್ಲಿ ಸರಕು ಇಲ್ಲವೆ? 1771ರಲ್ಲಿ ತೊಣ್ಣೂರಿಗೆ ಹತ್ತಿರದ ಚಿನಕುರಳಿಯಲ್ಲಿ ಹೈದರಾಲಿಯ ಸೈನ್ಯ ಮರಾಠರ ಕೈಯಲ್ಲಿ ನುಚ್ಚುನೂರಾಯಿತು. ಹೈದರ್ ಹೇಗೋ ಪಾರಾಗಿ ಶ್ರೀರಂಗಪಟ್ಟಣ ಸೇರಿದ, ಮಗನ ಸುಳಿವಿಲ್ಲ. ಸತ್ತೇ ಹೋದ ಎಂದುಕೊಂಡು ಅಪ್ಪ ದುಃಖದಲ್ಲಿರುವಾಗ, ಇಪ್ಪತ್ತು ವರ್ಷದ ಆಸುಪಾಸಿನ ಟಿಪ್ಪು ಭಿಕ್ಷುಕನ ವೇಷದಲ್ಲಿ ಬಂದು ಸೇರಿದ ಎಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಟಿಪ್ಪು ಹೆಸರೆತ್ತಿದರೆ ಇವತ್ತು ಎರಡು ಬಣ. ಆ ರಾತ್ರಿಯ ಕತೆಯಲ್ಲಿ ಇರುವುದು ಒಬ್ಬ ಅಪ್ಪ, ಒಬ್ಬ ಮಗ, ನಡುವೆ ಶತ್ರುಗಳು ತುಂಬಿದ ಕತ್ತಲ ದಾರಿ. ಎರಡು ಬಣದವರ ಮಕ್ಕಳೂ ಅದನ್ನು ಉಸಿರು ಬಿಗಿಹಿಡಿದು ಓದಬಹುದು.

ಚೋಳ ನಾಡಿನಿಂದ ತಪ್ಪಿಸಿಕೊಂಡು ಬಂದ ರಾಮಾನುಜರು ತೊಣ್ಣೂರಿನಲ್ಲಿ ನೆಲೆಸಿದ್ದು, ಮೇಲುಕೋಟೆಯ ಚೆಲುವಪಿಳ್ಳೆಯನ್ನು ದಿಲ್ಲಿಯ ಅರಮನೆಯಿಂದ ತಂದಾಗ ಬಾದಶಹನ ಮಗಳು ಬೀಬಿ ನಾಚ್ಚಿಯಾರ್ ಆ ವಿಗ್ರಹವನ್ನು ಬಿಟ್ಟಿರಲಾರದೆ ಹಿಂದೆಯೇ ಬಂದದ್ದು ಇಲ್ಲಿನ ಅಜ್ಜಿಯರ ಬಾಯಲ್ಲಿರುವ ಕತೆ. ಕುಂತಿಬೆಟ್ಟದಲ್ಲಿ ಭೀಮ, ಬಕಾಸುರ ಇದ್ದಾರೆ. ನಾಸಿರ್ ಜಂಗ್ ‘ಮೋತಿ ತಲಾಬ್’ ಎಂದು ಕರೆದ ಈ ಕೆರೆಯ ಏರಿಯನ್ನೇ, ಶತ್ರುವಿಗೆ ನೀರು ಸಿಗಬಾರದೆಂದು ಟಿಪ್ಪು ಒಡೆಸಿದ ಎಂಬುದು ಗೆಜೆಟಿಯರಿನಲ್ಲಿದೆ. ಒಡೆದ ಏರಿಯ ಕೆಳಗಿನ ಗದ್ದೆಯವನ ಮಗಳು ಅಂದು ಏನು ಮಾಡಿದಳು? ಯಾರೂ ಬರೆದಿಲ್ಲ. ಬರೆಯಬೇಕಾದವರು ಇಲ್ಲಿಯ ನೀರು ಕುಡಿದವರು.

ಬರೆದರೆ ಓದಿಸುವ ಜಾಗ ಇದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಆದರೆ ನಾವು ಕಂಡಂತೆ ಅಲ್ಲಿನ ಒಳ್ಳೆಯ ಕಪಾಟು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಮೀಸಲು. ಅವು ಬೇಕು, ನಮ್ಮ ಹುಡುಗರಿಗೆ ಕೆಲಸ ಸಿಗಬೇಕು. ಆದರೂ ಪಕ್ಕದಲ್ಲಿ ಒಂದು ಕಪಾಟು ಸಾಹಸಕತೆಗೆ ಇರಲಿ. ಪಂಚಾಯಿತಿ ಸದಸ್ಯರು ಸಭೆಯಲ್ಲಿ ಇದನ್ನು ಕೇಳಲಿ.

ಮನೆಯಲ್ಲಿ ಇನ್ನೊಂದು ಅಡ್ಡಿ ಇದೆ. ಕತೆ ಪುಸ್ತಕ ಹಿಡಿದ ಮಗುವಿಗೆ ‘ಅದ್ನ ಓದ್ಕಂಡ್ರೆ ಪರೀಕ್ಷೇಲಿ ಬತ್ತದಾ?’ ಎಂಬ ಮಾತು. ಪರೀಕ್ಷೆಯಲ್ಲಿ ಬರುವುದಿಲ್ಲ, ನಿಜ. ಊಟವಾದ ಮೇಲೆ ಹತ್ತು ಪುಟ ಗಟ್ಟಿಯಾಗಿ ಓದಿಸಿ ನೋಡಿ. ಕಬ್ಬಿನ ಗದ್ದೆಯಿಂದ ದಣಿದು ಬಂದ ಅಪ್ಪನೂ ‘ಆಮೇಲೆ ಏನಾಯ್ತು ಮಗ?’ ಎಂದು ಕೇಳಿಯೇ ಕೇಳುತ್ತಾನೆ. ಮೂರು ಮೊಬೈಲ್ ಹಿಡಿದು ಮೂರು ಮೂಲೆಯಲ್ಲಿ ಕೂರುವ ಮನೆಯಲ್ಲಿ ಆ ಒಂದು ಪ್ರಶ್ನೆ ಕೇಳಿಸಿದರೆ ಸಾಕು, ಉಳಿದದ್ದನ್ನು ಕತೆಯೇ ನೋಡಿಕೊಳ್ಳುತ್ತದೆ.